ಗೆಳೆಯ ಜಾಮೀನು ಕೇಳಿದ್ದಾನೆ. ಅವನ ಲೆಕ್ಕ ತಪ್ಪೆಂದು ಮುಖಕ್ಕೆ ಹೇಳಬೇಕೇ?

ಗದಗಿನ ಬೀಜದಂಗಡಿ

ಎಲ್ಲರಿಗೂ ನಮಸ್ಕಾರ. ಹಿರಿಯರೂ ಅನುಭವಸ್ಥರೂ ಇರುವ ಕಡೆ ಕೇಳಿದರೆ ದಾರಿ ಕಾಣಬಹುದೆಂದು ಬರೆಯುತ್ತಿದ್ದೇನೆ.

ನನ್ನ ಗೆಳೆಯ ಗದಗಿನಲ್ಲಿ ಮುದ್ರಣಾಲಯ ನಡೆಸುತ್ತಾನೆ. ಕನ್ನಡ ಶಾಲೆಯಿಂದ ಒಟ್ಟಿಗೆ ಬೆಳೆದವರು ನಾವು. ಊಟದ ಹೊತ್ತಿಗೆ ಅವನ ಮನೆಗೆ ಹೋದರೆ ವೈನಿ, ಅಂದರೆ ಅವನ ಹೆಂಡತಿ, ‘ಊಟ ಮಾಡುತ್ತೀರಾ’ ಎಂದು ಕೇಳುವುದಿಲ್ಲ, ತಾಟು ಹಾಕಿಬಿಡುತ್ತಾರೆ. ಅಂಥ ಮನೆ. ಈಗ ಅವನು ನಾಲ್ಕು ಬಣ್ಣದ ಆಫ್‌ಸೆಟ್ ಯಂತ್ರ ತರಿಸಲು ಸಾಲಕ್ಕೆ ಅರ್ಜಿ ಹಾಕಿದ್ದಾನೆ. ಮನೆ ಅಡವಿಡುತ್ತಿದ್ದಾನೆ. ಅದು ಸಾಲದೆಂದು ಜಾಮೀನುದಾರನೊಬ್ಬ ಬೇಕಂತೆ. ‘ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ’ ಎಂದು ನನ್ನ ಹತ್ತಿರ ಬಂದಿದ್ದಾನೆ.

ಗದಗ ಮುದ್ರಣಕ್ಕೆ ಹೆಸರಾದ ಊರು, ಅದರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅವನ ಅಂಗಡಿಯಲ್ಲಿ ಕುಳಿತು ನೋಡುವವನು ನಾನು. ಲಗ್ನಪತ್ರಿಕೆಯ ಕೆಲಸ ಮೊದಲಿನಂತೆ ಇಲ್ಲ. ಜನ ದೇವರ ಮುಂದಿಡಲು, ಸೋದರಮಾವನಿಗೆ ಕೊಡಲು ಒಂದಿಷ್ಟು ಹಾಕಿಸುತ್ತಾರೆ, ಉಳಿದವರಿಗೆ ಮೊಬೈಲಿನಲ್ಲಿ ಕಳುಹಿಸುತ್ತಾರೆ. ಬಿಲ್ ಪುಸ್ತಕ ಹಾಕಿಸುತ್ತಿದ್ದ ಅಂಗಡಿಗಳೆಲ್ಲ ಕಂಪ್ಯೂಟರ್ ಬಿಲ್ಲಿಗೆ ತಿರುಗಿವೆ. ಲಗ್ನದ ಹಂಗಾಮು ಮುಗಿದರೆ ಈಗಿರುವ ಯಂತ್ರವೇ ಮಧ್ಯಾಹ್ನದ ನಂತರ ನಿಂತಿರುತ್ತದೆ. ಹೊಸ ಯಂತ್ರ ಬಂದರೆ ಹುಬ್ಬಳ್ಳಿ, ಕೊಪ್ಪಳದ ಕೆಲಸವೆಲ್ಲ ತನಗೇ ಬರುತ್ತದೆ ಎಂಬ ನಂಬಿಕೆ ಅವನದು. ನನಗೆ ಆ ನಂಬಿಕೆ ಇಲ್ಲ.

ಸಹಿ ಮಾಡುವುದಿಲ್ಲ ಎಂದು ನಿರ್ಧರಿಸಿದ್ದೇನೆ. ಕಾರಣ ಏನೆಂದು ಹೇಳಲಿ? ‘ಮನೆಯಲ್ಲಿ ಒಪ್ಪುತ್ತಿಲ್ಲ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಸ್ನೇಹವೂ ಉಳಿಯುತ್ತದೆ. ‘ನಿನ್ನ ಲೆಕ್ಕ ತಪ್ಪು, ಮನೆ ಕಳೆದುಕೊಳ್ಳುತ್ತೀಯ’ ಎಂದರೆ ಅವನು ಎದ್ದು ಹೋಗುತ್ತಾನೆ. ಏನು ಮಾಡಲಿ?

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ಬೆಟಗೇರಿ

ತಮ್ಮಾ, ಮೊದಲು ಜಾಮೀನು ಎಂದರೆ ಏನೆಂದು ಖಚಿತ ಮಾಡಿಕೊಳ್ಳೋಣ. ನಮ್ಮ ಕಡೆ ಬಹಳ ಜನ ಅದನ್ನು ಸಾಕ್ಷಿಯ ಸಹಿ ಎಂದುಕೊಂಡಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಅವನ ಮನೆ ಹರಾಜು ಹಾಕಿ, ಉಳಿದದ್ದನ್ನು ನನ್ನಿಂದ ವಸೂಲು ಮಾಡಿ ಎಂದು ಬ್ಯಾಂಕಿಗೆ ಹೇಳಲು ಸಾಮಾನ್ಯವಾಗಿ ಬರುವುದಿಲ್ಲ. ಬ್ಯಾಂಕು ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಅವನು ಕಂತು ತಪ್ಪಿಸಿದರೆ ನಿಮ್ಮ ಸಾಲದ ಇತಿಹಾಸದಲ್ಲಿಯೂ ಅದು ಕಾಣುತ್ತದೆ. ನಾಳೆ ಮಗಳ ಶಿಕ್ಷಣಕ್ಕೆಂದು ನೀವು ಸಾಲ ಕೇಳಲು ಹೋದಾಗ ಈ ಸಂಗತಿ ಎದುರಿಗೆ ಬರುತ್ತದೆ.

ಸಹಿ ಮಾಡದಿರುವ ನಿರ್ಧಾರ ನಿಮ್ಮ ಹಕ್ಕು. ಕಾರಣ ಮುಚ್ಚಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೀವು ನೆಪ ಹೇಳಿದರೆ ಅವನು ಇನ್ನೊಬ್ಬ ಜಾಮೀನುದಾರನನ್ನು ಹುಡುಕುತ್ತಾನೆ, ಯಂತ್ರ ಬಂದೇ ಬರುತ್ತದೆ. ಅವನ ಅಂಗಡಿಯನ್ನು ಒಳಗಿನಿಂದ ಬಲ್ಲ ಒಬ್ಬ ಮನುಷ್ಯನ ಅಭಿಪ್ರಾಯ ಮಾತ್ರ ಅವನಿಗೆ ತಲುಪದೆ ಹೋಗುತ್ತದೆ.

ನಮ್ಮ ಗದಗಿನ ಪಕ್ಕದಲ್ಲಿಯೇ ಕಣಗಿನಹಾಳ ಇದೆ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರು. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನೂ ತನ್ನ ಆಸ್ತಿಯಿಂದ ಕೊಡಬೇಕಾಗುತ್ತಿತ್ತು. ಅಂಥ ವ್ಯವಸ್ಥೆಯಲ್ಲಿ ‘ಇವನಿಗೆ ಇಷ್ಟು ಸಾಲ ಬೇಡ, ತೀರಿಸಲಾರ’ ಎಂದು ನೆರೆಯವನೇ ಬಾಯಿಬಿಟ್ಟು ಹೇಳಬೇಕು. ಯಾರೂ ಹೇಳದಿದ್ದರೆ ಸಂಘ ನಿಲ್ಲುವುದಿಲ್ಲ. ಸಹಕಾರ ಎಂದರೆ ಒಟ್ಟಿಗೆ ಹಣ ಹಾಕುವುದು ಎಂದಷ್ಟೇ ಇಂದು ತಿಳಿದಿದ್ದೇವೆ. ಹೊಣೆ ಹೊತ್ತವರ ನೇರ ಮಾತೂ ಅದರಲ್ಲಿ ಸೇರಿದೆ.

ಶಿಗ್ಗಾವಿಯ ಸಂಘದ ಅಕ್ಕ

ಬೀಜದಂಗಡಿಯ ಅಣ್ಣನವರೇ, ಒಂದು ಮಾತು ನೇರವಾಗಿ ಹೇಳುತ್ತೇನೆ. ‘ಮನೆಯಲ್ಲಿ ಒಪ್ಪುತ್ತಿಲ್ಲ’ ಎಂಬ ಮಾತನ್ನು ದಯವಿಟ್ಟು ಬಳಸಬೇಡಿ. ಗಂಡಸರು ತಮಗೆ ಹೇಳಲು ಧೈರ್ಯವಿಲ್ಲದ ಮಾತನ್ನೆಲ್ಲ ಹೆಂಡತಿಯ ತಲೆಗೆ ಕಟ್ಟುವುದನ್ನು ನಾವು ಬಹಳ ಕಾಲದಿಂದ ನೋಡುತ್ತಿದ್ದೇವೆ. ಗೆಳೆತನ ನಿಮ್ಮದು ಉಳಿಯುತ್ತದೆ, ಕೆಟ್ಟ ಹೆಸರು ಆಕೆಗೆ ಬರುತ್ತದೆ. ಮುಂದಿನ ಸೀಮಂತದಲ್ಲಿ ಆ ವೈನಿಯೂ ನಿಮ್ಮ ಮನೆಯವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಏಕೆಂದು ನಿಮ್ಮ ಹೆಂಡತಿಗೆ ಗೊತ್ತೂ ಇರುವುದಿಲ್ಲ.

ನಮ್ಮ ಸ್ವಸಹಾಯ ಸಂಘದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕೈಯಿಂದ ಹಾಕುತ್ತೇವೆ. ಹಾಗಾಗಿ ಸಾಲ ಕೇಳಿದವಳ ಮುಂದೆಯೇ ‘ಎಮ್ಮೆ ತರುತ್ತೇನೆ ಎನ್ನುತ್ತೀ, ಮೇವು ಎಲ್ಲಿದೆ?’ ಎಂದು ಕೇಳುತ್ತೇವೆ. ಮೊದಮೊದಲು ಅಳು, ಸಿಟ್ಟು ಎಲ್ಲ ಆಗುತ್ತಿತ್ತು. ಈಗ ಸಾಲ ಕೇಳುವವಳೇ ಮೇವಿನ ಲೆಕ್ಕ ಬರೆದುಕೊಂಡು ಬರುತ್ತಾಳೆ.

ಇನ್ನೊಂದು ಪ್ರಶ್ನೆ. ಮನೆ ಅಡವಿಡುವ ವಿಷಯ ಆ ವೈನಿಗೆ ಪೂರ್ತಿ ಗೊತ್ತಿದೆಯೇ?

ಸಪ್ತಾಪುರದ ಅಭ್ಯರ್ಥಿ

ಇಲ್ಲಿ ಎಲ್ಲರೂ ‘ಹೇಳಿಬಿಡು’ ಎನ್ನುತ್ತಿದ್ದೀರಿ. ಕೇಳಿಸಿಕೊಳ್ಳುವವನ ಜಾಗದಲ್ಲಿ ನಿಂತು ಬರೆಯುತ್ತೇನೆ.

ನಾನು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಬಾಡಿಗೆ ಕೋಣೆ, ಮೆಸ್ಸಿನ ಊಟ, ಗ್ರಂಥಾಲಯದ ಕುರ್ಚಿ. ಊರಿಗೆ ಹೋದರೆ ಗೆಳೆಯರು ಮದುವೆ ಮಂಟಪದಲ್ಲಿ, ಹತ್ತು ಜನರ ನಡುವೆ, ‘ಇನ್ನು ಸಾಕು ಮಾಡು, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ’ ಎನ್ನುತ್ತಾರೆ. ಅವರು ಸತ್ಯವಂತರು, ನಾನು ಭ್ರಮೆಯಲ್ಲಿರುವವನು. ಆದರೆ ಅವರಿಗೆ ಗೊತ್ತಿರುವುದು ಎಷ್ಟು? 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ವಯಸ್ಸೂ ಆ ನಡುವೆ ಕರಗಿತು. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟು, ಡಿಸೆಂಬರಿನಲ್ಲಿ ಮತ್ತೆ ಬರೆಯಬೇಕಾಯಿತು. ಎರಡನೆಯ ಬಾರಿಯೂ ಅನುವಾದದ ದೂರು ತಪ್ಪಲಿಲ್ಲ. ಇದೆಲ್ಲವನ್ನೂ ‘ನಿನ್ನಿಂದ ಆಗುವುದಿಲ್ಲ’ ಎಂಬ ಎರಡು ಮಾತಿಗೆ ಇಳಿಸಿದರೆ ಅದನ್ನು ಸತ್ಯ ಎಂದು ಹೇಗೆ ಕರೆಯಲಿ?

ಒಬ್ಬ ಗೆಳೆಯ ಮಾತ್ರ ಬೇರೆ ರೀತಿ ನಡೆದುಕೊಂಡ. ಕೋಣೆಗೆ ಬಂದು, ಕಾಟಿನ ಮೇಲೆ ಕುಳಿತು, ನನ್ನ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದು ಪ್ರಶ್ನೆ ಕೇಳುತ್ತ ಬರೆದುಕೊಂಡ. ಯಾವ ಯಾವ ಪರೀಕ್ಷೆ ಬರೆದೆ, ಎಲ್ಲಿ ಎಷ್ಟು ಅಂಕದಿಂದ ತಪ್ಪಿತು, ವಯೋಮಿತಿ ಇನ್ನೆಷ್ಟು ಉಳಿದಿದೆ, ಅಪ್ಪ ತಿಂಗಳಿಗೆ ಎಷ್ಟು ಕಳುಹಿಸುತ್ತಾರೆ, ಅವರು ಅದನ್ನು ಎಲ್ಲಿಂದ ತರುತ್ತಾರೆ. ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಇದನ್ನು ಈ ವಾರ ಅಪ್ಪನಿಗೆ ಕೇಳು’ ಎಂದು ಹೇಳಿ ಹೋದ. ಮಂಟಪದಲ್ಲಿ ಕೇಳಿದ ಎಲ್ಲ ಮಾತಿಗಿಂತ ಆ ಪ್ರಶ್ನೆ ಹೆಚ್ಚು ಕಠಿಣವಾಗಿತ್ತು. ಆದರೂ ಅವನ ಮೇಲೆ ಸಿಟ್ಟು ಬರಲಿಲ್ಲ. ಅಪ್ಪನನ್ನು ಕೇಳಿದೆ. ಈಗ ಬೆಳಿಗ್ಗೆ ಒಂದು ತರಬೇತಿ ಕೇಂದ್ರದಲ್ಲಿ ಗಣಿತ ಹೇಳಿಕೊಡುತ್ತೇನೆ, ಮಧ್ಯಾಹ್ನ ಓದುತ್ತೇನೆ.

ಬೀಜದಂಗಡಿ ಅಣ್ಣ, ನಿಮ್ಮ ಗೆಳೆಯನ ಲೆಕ್ಕ ತಪ್ಪು ಎನ್ನುವ ಮೊದಲು ಆ ಲೆಕ್ಕವನ್ನು ಪೂರ್ತಿ ಕೇಳಿದ್ದೀರಾ?

ಬ್ಯಾಡಗಿಯ ದಲಾಲಿ ಅಂಗಡಿ

ಅಭ್ಯರ್ಥಿ ತಮ್ಮ ಚೆನ್ನಾಗಿ ಬರೆದಿದ್ದಾನೆ. ಆದರೆ ಕೇಳುತ್ತ ಕೂರುವುದಕ್ಕೂ ಒಂದು ಗಡುವು ಇದೆ, ಅದನ್ನು ನಾನು ಹೇಳುತ್ತೇನೆ.

ನಮ್ಮ ಮಾರುಕಟ್ಟೆಗೆ ರೈತರು ಮೆಣಸಿನಕಾಯಿ ತರುತ್ತಾರೆ. ಡಬ್ಬಿ ತಳಿ ಇರಲಿ, ಕಡ್ಡಿ ತಳಿ ಇರಲಿ, ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಆ ಗುಣಕ್ಕೇ. ಕೆಲವರು ತೂಕಕ್ಕೆಂದು ನೀರು ಚಿಮುಕಿಸಿ ತರುತ್ತಾರೆ, ಕೆಲವರು ಪಾಪ ಅವಸರದಲ್ಲಿ ಸರಿಯಾಗಿ ಒಣಗಿಸದೆ ತರುತ್ತಾರೆ. ಚೀಲದೊಳಗೆ ಕೈ ಹಾಕಿದರೆ ನಮಗೆ ತಿಳಿಯುತ್ತದೆ. ಒಣಗಿದ ಕಾಯಿಯನ್ನು ಅಲುಗಿಸಿದರೆ ಬೀಜ ಸದ್ದು ಮಾಡುತ್ತದೆ, ಹಸಿ ಕಾಯಿ ಕೈಗೆ ತಣ್ಣಗೆ ಹತ್ತುತ್ತದೆ, ಸದ್ದಿಲ್ಲ. ಅಂಥ ಮಾಲು ಇಟ್ಟರೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಿಂದ ವಿಷ ಹುಟ್ಟುತ್ತದೆ. ಖರೀದಿದಾರ ಬಿಡುವುದಿಲ್ಲ.

ನಮಗೆ ವರ್ಷಗಟ್ಟಲೆ ಮಾಲು ತರುವ ರೈತ ಗೆಳೆಯನೇ ಆಗಿರುತ್ತಾನೆ. ಖರೀದಿದಾರರು ಬೆಲೆ ಬರೆದು ಟೆಂಡರ್ ಹಾಕುವ ಮೊದಲು ‘ಗೌಡರೇ, ಈ ಮಾಲು ಇವತ್ತು ಬೇಡ, ಬಿಚ್ಚಿ ಒಣಗಿಸಿ ಇಡೋಣ’ ಎಂದರೆ ಅವರಿಗೆ ಒಂದು ದಿನ ಹೋಗುತ್ತದೆ, ಬೆಲೆ ಉಳಿಯುತ್ತದೆ. ಟೆಂಡರ್ ಮುಗಿದು ಬೆಲೆ ಬಿದ್ದ ಮೇಲೆ ‘ನಿಮ್ಮ ಮಾಲು ಹಸಿ ಇತ್ತು, ನನಗೆ ಬೆಳಿಗ್ಗೆಯೇ ಗೊತ್ತಿತ್ತು’ ಎಂದರೆ ಅದು ಗಾಯದ ಮೇಲೆ ಉಪ್ಪು. ಅದೇ ಮಾತು, ಅದೇ ಸತ್ಯ, ಆದರೆ ಎರಡನೆಯದರಿಂದ ಯಾರಿಗೂ ಮೂರು ಕಾಸಿನ ಲಾಭವಿಲ್ಲ.

ನಿಮ್ಮ ಗೆಳೆಯನ ಸಾಲ ಇನ್ನೂ ಮಂಜೂರಾಗಿಲ್ಲ. ಕೇಳುವುದನ್ನು ಈಗಲೇ ಕೇಳಿ, ಹೇಳುವುದನ್ನು ಈ ವಾರವೇ ಹೇಳಿ. ಯಂತ್ರ ಬಂದು, ಪೂಜೆ ಮಾಡಿ, ತೆಂಗಿನಕಾಯಿ ಒಡೆದ ಮೇಲೆ ನಿಮ್ಮ ಬಾಯಿಂದ ಆ ಮಾತು ಬರಬಾರದು. ಅಂದು ಪೇಡೆ ತಿಂದು ಶುಭವಾಗಲಿ ಎಂದು ಹೇಳಿ ಬನ್ನಿ.

ಧಾರವಾಡದ ನಿವೃತ್ತ ಮಾಸ್ತರ

ದಲಾಲಿಯವರ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಕಟ್ಟಿ ಮುಗಿದ ಮನೆಯ ಬಾಗಿಲು ತಪ್ಪು ದಿಕ್ಕಿಗಿದೆ ಎಂದು ಗೃಹಪ್ರವೇಶದ ದಿನ ಹೇಳುವವರನ್ನು ನಾನು ಕಂಡಿದ್ದೇನೆ. ತಿದ್ದಲು ಬಾರದ್ದನ್ನು ಎತ್ತಿ ಆಡುವುದರಲ್ಲಿ ಸ್ನೇಹವೂ ಇಲ್ಲ, ಧೈರ್ಯವೂ ಇಲ್ಲ.

ಇನ್ನೊಂದು ವಿಷಯ ಅಧಿಕಾರದ್ದು. ನಮ್ಮ ಸೀಮೆ ಸಂಗೀತದ ಸೀಮೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಅಂಥ ಕಲಿಕೆಯಲ್ಲಿ ಗುರು ಒಂದು ಸ್ವರ ಸರಿಯಿಲ್ಲ ಎಂದರೆ ಮರುಮಾತಿಲ್ಲದೆ ಮತ್ತೆ ಹಾಡಬೇಕು. ಶಿಷ್ಯ ‘ನನ್ನನ್ನು ತಿದ್ದಿ’ ಎಂದು ಕೇಳಿಕೊಂಡೇ ರೈಲು ಹತ್ತಿ ಬಂದಿರುತ್ತಾನೆ, ಆದ್ದರಿಂದ ಎಷ್ಟು ಕಠಿಣ ಮಾತಾದರೂ ಅಲ್ಲಿ ಸಲ್ಲುತ್ತದೆ. ಗೆಳೆಯರ ನಡುವೆ ಆ ಕೋರಿಕೆ ಇರುವುದಿಲ್ಲ. ಸಮಾನರು ಎಂದು ನಂಬಿ ಕುಳಿತಾಗ ಒಬ್ಬ ಇದ್ದಕ್ಕಿದ್ದಂತೆ ಗುರುವಿನ ಪೀಠ ಏರಿದರೆ, ಮಾತಿಗಿಂತ ಆ ಏರಿಕೆಯೇ ಹೆಚ್ಚು ಚುಚ್ಚುತ್ತದೆ. ಹಾಗಾಗಿ ಮೊದಲು ಅನುಮತಿ ಕೇಳಿ. ‘ನಿನಗೆ ಹಿಡಿಸದ ಒಂದು ಮಾತಿದೆ, ಹೇಳಲೇ?’ ಎಂದು ಕೇಳಿದರೆ ಹೆಚ್ಚಿನವರು ‘ಹೇಳು’ ಎನ್ನುತ್ತಾರೆ. ‘ಇವತ್ತು ಬೇಡ’ ಎಂದರೆ ಆ ಮಾತಿಗೂ ಬೆಲೆ ಕೊಟ್ಟು ಎದ್ದು ಬನ್ನಿ, ಮತ್ತೊಂದು ದಿನ ಕೇಳಿ.

‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು’ ಎಂಬ ಗಾದೆಯನ್ನು ಎದೆ ತಟ್ಟಿಕೊಂಡು ಹೇಳುವ ಒಂದು ಗುಂಪು ಇದೆ. ತಾವು ನಿಷ್ಠುರವಾದಿಗಳು ಎಂಬ ಹೆಮ್ಮೆ ಅವರಿಗೆ. ಹೇಳಿದ ಮರುದಿನ ಗೆಳೆಯ ಊಟ ಮಾಡಿದನೇ ಎಂದು ವಿಚಾರಿಸುವವರು ಅವರಲ್ಲಿ ಎಷ್ಟು ಜನ?

ಹಲ್ಲಿನ ವೈದ್ಯೆ, ಹುಬ್ಬಳ್ಳಿ

ಮಾಸ್ತರರೇ, ನೀವು ಹೇಳಿದ್ದು ನಿಜ. ಆದರೆ ಅನುಮತಿಗಾಗಿ ತಿಂಗಳುಗಟ್ಟಲೆ ಕಾಯಬಾರದ ಸಂಗತಿಗಳೂ ಇವೆ. ನನ್ನ ಕುರ್ಚಿಯಲ್ಲಿ ಕೂರುವವರ ವಿಷಯ ಹೇಳುತ್ತೇನೆ.

ಗುಟ್ಕಾ 2013ರಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧವಾಯಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು, ಜನ ಅಂಗೈಯಲ್ಲಿ ಬೆರೆಸಿಕೊಳ್ಳತೊಡಗಿದರು. ತಂಬಾಕಿಲ್ಲದ ಬರೀ ಅಡಿಕೆಯೂ ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಿಧಾನವಾಗಿ ಬಿಳಿಚಿಕೊಂಡು ಬಿಗಿಯಾಗುತ್ತದೆ. ಮೊದಲ ಗುರುತು ಖಾರ ಉರಿಯುವುದು. ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಒಮ್ಮೆ ಬಿಗಿದದ್ದು ಪೂರ್ತಿ ಮೊದಲಿನಂತೆ ಆಗುವುದಿಲ್ಲ, ಆದರೆ ಬೇಗ ಬಂದು ಜಗಿಯುವುದು ಬಿಟ್ಟರೆ ಬಹಳಷ್ಟು ತಡೆಯಬಹುದು. ತಡವಾದರೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತದೆ.

ಇದನ್ನು ಮೊದಲು ಕಾಣುವವರು ವೈದ್ಯರಲ್ಲ, ಜೊತೆಗೆ ತಿನ್ನುವ ಗೆಳೆಯರು. ಸಂಜೆ ಗಿರಮಿಟ್ಟು, ಮಿರ್ಚಿ ಭಜಿ ತರಿಸಿದಾಗ ಒಬ್ಬ ಮಾತ್ರ ಭಜಿಯ ಮೇಲಿನ ಹಿಟ್ಟು ಬಿಡಿಸಿ ತಿಂದು ಮೆಣಸಿನಕಾಯಿಯನ್ನು ಕಾಗದದ ಅಂಚಿಗೆ ಸರಿಸುತ್ತಾನೆ. ಖಾರದ ಚಟ್ನಿಯ ಬದಲು ಮೊಸರು ಕೇಳುತ್ತಾನೆ. ಹುಬ್ಬಳ್ಳಿಯಲ್ಲಿ ಬೆಳೆದವನು ಖಾರ ಬಿಟ್ಟರೆ ಗಮನಿಸಿ. ಅವನದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಸಲು ಹೇಳಿ. ಹಿಡಿಸದಿದ್ದರೆ, ಅಥವಾ ಎರಡು ವಾರ ದಾಟಿದರೂ ಮಾಯದ ಹುಣ್ಣು ಇದ್ದರೆ, ತೋರಿಸಲೇಬೇಕು.

ಆದರೆ ‘ನಿನಗೆ ಕ್ಯಾನ್ಸರ್ ಬಂದಿದೆ’ ಎಂದು ಹೇಳಬೇಡಿ. ಅದು ಪರೀಕ್ಷೆಯ ನಂತರ ವೈದ್ಯರು ಹೇಳಬೇಕಾದ ಮಾತು. ಆ ಹೆಸರು ಕೇಳಿದ ಹೆದರಿಕೆಗೇ ವರ್ಷವಿಡೀ ಆಸ್ಪತ್ರೆಯ ಕಡೆ ತಲೆ ಹಾಕದವರಿದ್ದಾರೆ. ನೀವು ಕಂಡದ್ದನ್ನು ಹೇಳಿ: ‘ನೀನು ಖಾರ ಬಿಟ್ಟಿದ್ದೀಯ, ಬಾಯಿ ಪೂರ್ತಿ ತೆರೆಯುತ್ತಿಲ್ಲ. ನಾಳೆ ಹನ್ನೊಂದಕ್ಕೆ ಹೋಗೋಣ, ನಾನೂ ಬರುತ್ತೇನೆ.’ ನನ್ನ ಹತ್ತಿರ ಬೇಗ ಬರುವ ರೋಗಿಗಳಲ್ಲಿ ಹಲವರ ಹಿಂದೆ ಹೊರಗಿನ ಬೆಂಚಿನ ಮೇಲೆ ಒಬ್ಬ ಗೆಳೆಯ ಕುಳಿತಿರುತ್ತಾನೆ.

ಶಿಗ್ಗಾವಿಯ ಸಂಘದ ಅಕ್ಕ

ವೈದ್ಯರ ಮಾತು ಓದಿ ಮನೆಯಲ್ಲಿಯೇ ಇಬ್ಬರಿಗೆ ಬೆರಳು ಹಿಡಿಸಿ ನೋಡಿದೆ. ದೇವರ ದಯೆ.

ಇನ್ನೊಂದು ತೊಡಕು ಕೇಳುತ್ತೇನೆ. ನಮ್ಮ ಕಡೆ ವರನನ್ನು ವಿಚಾರಿಸಲು ಹೆಣ್ಣಿನವರು ಅವನ ಗೆಳೆಯರ ಹತ್ತಿರ, ನೆರೆಯವರ ಹತ್ತಿರ ಬರುತ್ತಾರೆ. ‘ಹುಡುಗ ಹೇಗೆ?’ ಎಂದು ಕೇಳಿದರೆ ಎಲ್ಲರೂ ‘ಬಂಗಾರದಂಥ ಹುಡುಗ’ ಎಂದೇ ಹೇಳುವುದು. ಅವನು ಕುಡಿಯುವುದು ಗೊತ್ತಿದ್ದರೂ ‘ಸಂಬಂಧ ತಪ್ಪಿಸಿದ ಪಾಪ ನಮಗೇಕೆ’ ಎನ್ನುತ್ತಾರೆ. ಆ ಪಾಪದ ಲೆಕ್ಕದಲ್ಲಿ ಹುಡುಗಿಯ ಬಾಳು ಬರುವುದೇ ಇಲ್ಲ. ಹೇಳಿದರೆ ಮಾನಹಾನಿ ದಾವೆ ಹಾಕುತ್ತಾರೆ ಎಂಬ ಹೆದರಿಕೆಯೂ ಇದೆ. ವಕೀಲರು ಯಾರಾದರೂ ಇದ್ದರೆ ತಿಳಿಸಿ.

ಹುಬ್ಬಳ್ಳಿಯ ವಕೀಲೆ

ಅಕ್ಕನವರೇ, ಕಾನೂನು ಈ ಪ್ರಸಂಗವನ್ನು ಮೊದಲೇ ಯೋಚಿಸಿದೆ. ಮಾನಹಾನಿಯ ಕಲಮು ಮೊದಲು ದಂಡ ಸಂಹಿತೆಯ 499 ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ‘ನಿಜ ಹೇಳಿದರೆ ಮಾನಹಾನಿ ಆಗುವುದಿಲ್ಲ’ ಎಂದು ಜನ ನಂಬಿದ್ದಾರೆ. ಕ್ರಿಮಿನಲ್ ಪ್ರಕರಣದಲ್ಲಿ ನಿಜವಾಗಿದ್ದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಆದರೆ ಬೇರೊಂದು ವಿನಾಯಿತಿ ಇದೆ: ಯಾರಿಗೆ ಹೇಳುತ್ತೇವೋ ಅವರ ಒಳಿತಿಗಾಗಿ, ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆ ಮಾನಹಾನಿ ಅಲ್ಲ. ಮಗಳನ್ನು ಕೊಡಲು ಹೊರಟ ತಂದೆತಾಯಿ ಮನೆಗೆ ಬಂದು ಕೇಳಿದಾಗ, ಕಣ್ಣಾರೆ ಕಂಡದ್ದನ್ನು ಅವರಿಗಷ್ಟೇ ಹೇಳುವುದು ಈ ವಿನಾಯಿತಿಯ ನೆರಳಿನಲ್ಲಿ ಬರುತ್ತದೆ. ಅದೇ ಮಾತನ್ನು ಓಣಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಆ ನೆರಳು ಸಿಗುವುದು ಕಷ್ಟ.

ಹೇಳುವಾಗ ‘ಅವನು ಕುಡುಕ’ ಎಂಬ ತೀರ್ಪು ಬೇಡ. ಎಲ್ಲಿ, ಯಾವಾಗ, ಏನು ಕಂಡಿರಿ ಎಂದಷ್ಟೇ ಹೇಳಿ. ಕೇಳಿದ ಸುದ್ದಿಯನ್ನು ಸೇರಿಸಬೇಡಿ. ಹುಡುಗ ನಿಮ್ಮ ಗೆಳೆಯನೇ ಆಗಿದ್ದರೆ ಮೊದಲು ಅವನಿಗೇ ಹೋಗಿ ‘ನನ್ನನ್ನು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ, ನೀನೇ ಅವರಿಗೆ ಹೇಳು’ ಎಂದು ತಿಳಿಸುವುದು ಕಾನೂನಿಗಿಂತ ಮೇಲಿನ ಮಾತು. ಅಷ್ಟು ಹೇಳಿದ ಮೇಲೆ ಅವನಿಗೂ ಬೆನ್ನಿಗೆ ಚೂರಿ ಹಾಕಿದ ಎನ್ನಲು ಬಾಯಿ ಇರುವುದಿಲ್ಲ.

ಧಾರವಾಡದ ಆಪ್ತ ಸಮಾಲೋಚಕ

ಕುಡಿತದ ಮಾತು ಬಂದದ್ದರಿಂದ ಒಂದು ವಿಷಯ ಸೇರಿಸುತ್ತೇನೆ. ಕುಡಿಯುವವನನ್ನು ಎದುರಿಗೆ ಕೂರಿಸಿಕೊಂಡು ತಪ್ಪು ಎಣಿಸಿದರೆ ಸರಿದಾರಿಗೆ ಬರುತ್ತಾನೆ ಎಂದು ಚಿಕಿತ್ಸಕರೂ ಒಂದು ಕಾಲದಲ್ಲಿ ನಂಬಿದ್ದರು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಮುಂದಿಟ್ಟರು. ನಾವು ಬದಲಾವಣೆಯ ಪರ ವಾದಿಸಿದಷ್ಟೂ ಎದುರಿನವನು ಕುಡಿತದ ಪರ ವಾದಿಸುತ್ತ ಹೋಗುತ್ತಾನೆ. ಬಿಡಬೇಕಾದ ಕಾರಣ ಅವನ ಬಾಯಿಂದಲೇ ಬರುವಂತೆ ಪ್ರಶ್ನೆ ಕೇಳಬೇಕು. ಸಪ್ತಾಪುರದ ತಮ್ಮನ ಗೆಳೆಯ ನೋಟ್‌ಬುಕ್ ಹಿಡಿದು ಮಾಡಿದ್ದು ಇದೇ ಕೆಲಸ. ಯಾರೂ ಕಲಿಸದೆ ಅದನ್ನು ಮಾಡಿದ ಆ ಹುಡುಗನ ಬಗ್ಗೆ ನನಗೆ ಗೌರವ ಮೂಡಿತು.

ಅಪಾಯದ ಮಾತನ್ನೂ ಹೇಳಲೇಬೇಕು. ಸಾಲದಲ್ಲಿ ಮುಳುಗಿದವನು, ಪರೀಕ್ಷೆಯಲ್ಲಿ ಸೋತವನು ‘ನಾನಿದ್ದು ಏನು ಪ್ರಯೋಜನ’ ಎಂಬ ಧಾಟಿಯಲ್ಲಿ ಮಾತಾಡುತ್ತಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ, ಆ ಹೊತ್ತು ಲೆಕ್ಕ ತಿದ್ದುವ ಹೊತ್ತಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಬ್ಬನೇ ಬಿಟ್ಟು ಬರಬೇಡಿ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸತ್ಯ ನಾಳೆಯೂ ಇರುತ್ತದೆ, ಮೊದಲು ಗೆಳೆಯ ಇರಲಿ.

ಗದಗಿನ ಬೀಜದಂಗಡಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಸಂಜೆ ಅವನ ಮುದ್ರಣಾಲಯಕ್ಕೆ ಹೋಗಿದ್ದೆ. ಕೆಲಸದವರು ಹೋಗುವವರೆಗೆ ಕಾದೆ. ಮಾಸ್ತರರು ಹೇಳಿದಂತೆ ಅನುಮತಿ ಕೇಳಿದೆ. ಅವನು ನಕ್ಕು, ‘ಸಹಿ ಮಾಡುವುದಿಲ್ಲ ಎನ್ನಲು ಬಂದಿದ್ದೀಯ’ ಎಂದ. ಹೌದು ಎಂದೆ. ಕಾರಣ ಹೇಳುವ ಮೊದಲು ಲೆಕ್ಕ ತೋರಿಸು ಎಂದೆ.

ಲೆಕ್ಕದಲ್ಲಿ ನನಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಲಗ್ನಪತ್ರಿಕೆ ನಂಬಿ ಅವನು ಯಂತ್ರ ತರಿಸುತ್ತಿಲ್ಲ. ರೊಟ್ಟಿ, ಚಟ್ನಿಪುಡಿ, ಹಪ್ಪಳ ಮಾಡಿ ಮಾರುವ ಮನೆ ಉದ್ಯಮಗಳಿಗೆ ಲೇಬಲ್ಲು, ಪೆಟ್ಟಿಗೆ ಮುದ್ರಿಸುವ ವಿಚಾರ ಅವನದು. ಕೆಲವರ ಜೊತೆ ಮಾತೂ ಆಡಿದ್ದಾನೆ. ಅದು ಒಳ್ಳೆಯ ವಿಚಾರವೆಂದೇ ನನಗೂ ಅನ್ನಿಸಿತು. ಆದರೆ ಮಾತು ಕೊಟ್ಟವರ ಕೆಲಸವನ್ನೆಲ್ಲ ಕೂಡಿಸಿದರೂ ತಿಂಗಳ ಕಂತಿನ ಅರ್ಧಕ್ಕೆ ಬರುತ್ತಿರಲಿಲ್ಲ. ಅವನೇ ಕೂಡಿಸಿದ, ನಾನು ಸುಮ್ಮನೆ ಕುಳಿತಿದ್ದೆ. ಕೂಡಿಸಿದ ಮೇಲೆ ಪೆನ್ನು ಇಟ್ಟು, ‘ನೀನು ಬೀಜ ಮಾರುವವನು, ಮುದ್ರಣದ ವಿಷಯ ನಿನಗೇನು ಗೊತ್ತು’ ಎಂದ. ಅದಕ್ಕೆ ನಾನು ಉತ್ತರಿಸಲಿಲ್ಲ. ಹಳೆಯ ಎರಡು ಬಣ್ಣದ ಯಂತ್ರ ಹುಬ್ಬಳ್ಳಿಯಲ್ಲಿ ಸಿಗಬಹುದು, ಮನೆ ಅಡವಿಡದೆ ಆಗುತ್ತದೆಯೇ ನೋಡೋಣ, ನಾನೂ ಬರುತ್ತೇನೆ ಎಂದೆ. ಅವನು ಬಾಗಿಲು ಹಾಕತೊಡಗಿದ.

ಅಕ್ಕನವರೇ, ವೈನಿಗೆ ಅಡವಿನ ವಿಷಯ ಗೊತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ, ‘ನೀನು ಹೇಳದೆ ಸಹಿ ಮಾಡಬೇಡ’ ಎಂದು ಅವನಿಗೇ ಹೇಳಿದ್ದೇನೆ.

ಬ್ಯಾಡಗಿಯ ದಲಾಲಿ ಅಂಗಡಿ

ಸರಿಯಾಗಿಯೇ ಮಾಡಿದ್ದೀರಿ. ಅವನು ಇನ್ನು ಕೆಲವು ದಿನ ಮಾತಾಡದೆ ಇರಬಹುದು. ನೀವು ಎಂದಿನಂತೆ ಹೋಗುತ್ತಿರಿ. ಲೇಬಲ್ಲಿನ ಕೆಲಸ ನಮ್ಮ ಕಡೆಯೂ ಇದೆ. ಮೆಣಸಿನಪುಡಿ ಮಾಡುವವರಿಗೆ ಚೀಲ, ಲೇಬಲ್ಲು ಬೇಕೇ ಬೇಕು. ಅವನು ಬಂದರೆ ಪರಿಚಯ ಮಾಡಿಸುತ್ತೇನೆ.

ಸಪ್ತಾಪುರದ ಅಭ್ಯರ್ಥಿ

ನನಗೆ ಒಂದು ಕಡೆ ಒಪ್ಪಿಗೆ ಇಲ್ಲ. ವೈನಿಯ ತಲೆಯ ಮೇಲಿನ ಸೂರು ಅದು. ಅವನು ಹೇಳದಿದ್ದರೆ ಅಣ್ಣನವರು ಎಷ್ಟು ದಿನ ಸುಮ್ಮನಿರಬೇಕು?

ಶಿಗ್ಗಾವಿಯ ಸಂಘದ ಅಕ್ಕ

ಮಂಜೂರಾತಿಯ ಹಿಂದಿನ ದಿನದವರೆಗೆ. ಆಮೇಲೆ ನಾನಾದರೆ ಹೇಳುತ್ತೇನೆ, ಅವನಿಗೆ ತಿಳಿಸಿಯೇ ಹೇಳುತ್ತೇನೆ.

ರಾಣೆಬೆನ್ನೂರಿನ ಬಟ್ಟೆ ಅಂಗಡಿ

ಚರ್ಚೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಾನು ಗೆಳೆಯನ ಅಂಗಡಿಯ ಓವರ್‌ಡ್ರಾಫ್ಟಿಗೆ (ಮಿತಿಯೊಳಗೆ ಬೇಕಾದಾಗ ಹಣ ತೆಗೆಯುವ ಸಾಲಕ್ಕೆ) ಹೋದ ವರ್ಷವೇ ಜಾಮೀನು ಹಾಕಿದ್ದೇನೆ. ಈಗ ಅವನ ವ್ಯವಹಾರ ಸರಿಯಿಲ್ಲ, ಫೋನಿನಲ್ಲಿ ವಿಷಯ ತೇಲಿಸುತ್ತಾನೆ. ಹಿಂದೆ ಸರಿಯಲು ದಾರಿ ಇದೆಯೇ?

ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ಬೆಟಗೇರಿ

ಸಾಲ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಯಂತ್ರಕ್ಕೋ ಮನೆಗೋ ಒಮ್ಮೆ ಪೂರ್ತಿ ಕೊಟ್ಟ ಅವಧಿ ಸಾಲವಾದರೆ ಕೊಟ್ಟ ಜಾಮೀನು ಹಿಂದಕ್ಕೆ ಬರುವುದಿಲ್ಲ. ಓವರ್‌ಡ್ರಾಫ್ಟಿಗೆ ಕೊಡುವುದು ಸಾಮಾನ್ಯವಾಗಿ ಮುಂದುವರಿಯುವ ಜಾಮೀನು. ಕರಾರು ಕಾಯ್ದೆಯ 130ನೇ ಕಲಮಿನಂತೆ ಬ್ಯಾಂಕಿಗೆ ನೋಟಿಸು ಕೊಟ್ಟು, ಮುಂದೆ ತೆಗೆಯುವ ಹಣಕ್ಕೆ ಅದನ್ನು ರದ್ದು ಮಾಡಬಹುದು. ನೋಟಿಸು ತಲುಪುವ ದಿನದವರೆಗಿನ ಬಾಕಿಗೆ ನೀವು ಹೊಣೆಯೇ. ನೀವು ಸಹಿ ಮಾಡಿದ ಪತ್ರದಲ್ಲಿ ಈ ಹಕ್ಕಿಗೆ ಕಡಿವಾಣ ಹಾಕುವ ಷರತ್ತು ಇರಬಹುದು, ಅದನ್ನು ನೋಡದೆ ಏನೂ ಹೇಳಲಾಗದು. ಒಂದು ವೇಳೆ ನೀವೇ ಬಾಕಿ ಕಟ್ಟಬೇಕಾಗಿ ಬಂದರೆ, ಆ ಹಣವನ್ನು ಗೆಳೆಯನಿಂದ ವಸೂಲು ಮಾಡುವ ಹಕ್ಕು ನಿಮಗಿರುತ್ತದೆ.

ನೋಟಿಸು ಕೊಡುವ ಮೊದಲು ಅವನ ಅಂಗಡಿಗೆ ಹೋಗಿ, ಕೊಡುತ್ತಿದ್ದೇನೆ ಎಂದು ಎದುರಿಗೆ ಹೇಳಿ. ಬ್ಯಾಂಕಿನಿಂದ ಅವನಿಗೆ ಗೊತ್ತಾಗಬಾರದು. ಜಾಮೀನು ಪತ್ರದ ನಕಲು ನಿಮ್ಮ ಹತ್ತಿರ ಇಲ್ಲದಿದ್ದರೆ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಕಲು ಸಿಕ್ಕ ಮೇಲೆ ಹುಬ್ಬಳ್ಳಿಯ ವಕೀಲರಿಗೆ ತೋರಿಸಿ, ಆಮೇಲೆ ನೋಟಿಸಿಗೆ ಸಹಿ ಮಾಡಿ ಕಳುಹಿಸಿ.